ಒಡೆಟ್‌ಳ ನಲವತ್ತೊಂದು ತಪ್ಪುಗಳು

ನಮ್ಮ ಭೌತಶಾಸ್ತ್ರ ಸಂಶೋಧನಾ ಕೇಂದ್ರದ ವಾರಪತ್ರಿಕೆಗೆ ಒಂದು ಚಾಳಿಯಿದೆ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾದವರು ಇನ್ನು ಏನನ್ನೂ ಕೇಳಲು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರನ್ನು ಹುಡುಕಿ ತಂದು ‘ತೆರೆಮರೆಯ ವೀರರು’ ಎಂದು ಕರೆಯುತ್ತದೆ. ಒಂದು ಪುಟ, ಒಂದು ಫೋಟೊ, ಕೊನೆಯಲ್ಲಿ ‘ಇಂಥವರಿಲ್ಲದೆ ವಿಜ್ಞಾನವಿಲ್ಲ’ ಎಂಬ ಸಾಲು. ಈ ಸಾಲನ್ನು ನಾನು ಗೇಟು ಕಾಯುವವನ ಬಗ್ಗೆ ಓದಿದ್ದೇನೆ, ಕ್ಯಾಂಟೀನಿನ ಅಡುಗೆಯವನ ಬಗ್ಗೆ ಓದಿದ್ದೇನೆ, ಒಮ್ಮೆ ಹುಲ್ಲು ಕತ್ತರಿಸುವ ಖರ್ಚು ಉಳಿಸಲು ಆವರಣದಲ್ಲಿ ಬಿಟ್ಟಿದ್ದ ಕುರಿಮಂದೆಯ ಬಗ್ಗೆಯೂ ಓದಿದ್ದೇನೆ. ಒಡೆಟ್ ಮೆರ್ಮಿಯೊ ಬಗ್ಗೆ ಆ ಪತ್ರಿಕೆ ಬರೆದದ್ದು ಒಂದೇ ಒಂದು ಅಡಿಬರಹ. ಅದೂ ಸುಳ್ಳು. ಅದಕ್ಕಾಗಿ ಇದನ್ನು ಬರೆಯಬೇಕಾಯಿತು.

ಒಡೆಟ್ ಜೂರಾ ಬೆಟ್ಟದ ಬುಡದ ಹಳ್ಳಿಯವಳು. ಅವಳ ಅಪ್ಪನಿಗೆ ಹನ್ನೊಂದು ಹಸುಗಳಿದ್ದವು. ಹಾಲೆಲ್ಲ ಊರಿನ ಚೀಸ್ ಮನೆಗೆ ಹೋಗುತ್ತಿತ್ತು. ಅವನ ಹುಲ್ಲುಗಾವಲಿನ ಕೆಳಗಿನ ಅರ್ಧ ನಮ್ಮ ಕೇಂದ್ರಕ್ಕೆ ಸೇರಿ ಕಾರು ನಿಲ್ಲಿಸುವ ಜಾಗವಾಯಿತು. ೧೯೬೯ರಲ್ಲಿ, ಹದಿನೆಂಟು ತುಂಬಿದಾಗ, ಅವಳು ಅದೇ ಜಾಗದಲ್ಲಿ ಸೈಕಲ್ ನಿಲ್ಲಿಸಿ ಕೆಲಸ ಕೇಳಲು ಒಳಗೆ ಬಂದಳು. ಪರೀಕ್ಷೆ ಎಂದರೆ ಒಂದು ಹಾಳೆ. ಅದರ ತುಂಬ ಒಂದರ ಮೇಲೊಂದು ಬಿದ್ದ ನೂಲಿನಂಥ ಗೆರೆಗಳು. ಎಷ್ಟು ಗೆರೆ ಎಂದು ಎಣಿಸಬೇಕು. ಉಳಿದ ಹುಡುಗಿಯರು ಪೆನ್ಸಿಲ್ ಹಿಡಿದು ಎಣಿಸುತ್ತಿರುವಾಗ ಇವಳು ಕೈಕಟ್ಟಿ ಕುಳಿತು ಮೂವತ್ತೇಳು ಎಂದಳು. ಮೂವತ್ತೇಳೇ ಇದ್ದವು.

ಆ ಕಾಲದಲ್ಲಿ ಕಣಗಳನ್ನು ಹಿಡಿಯುತ್ತಿದ್ದುದು ಗುಳ್ಳೆತೊಟ್ಟಿಯಲ್ಲಿ. ತಣ್ಣನೆಯ ದ್ರವ ತುಂಬಿದ ದೊಡ್ಡ ತೊಟ್ಟಿ, ಸುತ್ತ ಬಲವಾದ ಕಾಂತ. ಒಳಗೆ ಹಾಯ್ದ ಕಣ ತನ್ನ ಹಿಂದೆ ಗುಳ್ಳೆಗಳ ಒಂದು ಎಳೆ ಬಿಟ್ಟುಹೋಗುತ್ತದೆ. ಕಾಂತದ ಸೆಳೆತಕ್ಕೆ ಋಣಕಣ ಒಂದು ಕಡೆ ಬಾಗುತ್ತದೆ, ಧನಕಣ ಇನ್ನೊಂದು ಕಡೆ. ಗಾಜಿನ ಕಿಟಕಿಯಿಂದ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ವರ್ಷಕ್ಕೆ ಲಕ್ಷಗಟ್ಟಲೆ ಚಿತ್ರ. ಅವನ್ನು ನೋಡುವುದು ಯಾರು? ಪ್ರೊಫೆಸರುಗಳಿಗೆ ಸಮ್ಮೇಳನಗಳಿದ್ದವು. ಆದ್ದರಿಂದ ಸುತ್ತಲ ಹಳ್ಳಿಗಳಿಂದ ಹುಡುಗಿಯರನ್ನು ತಂದು, ಕಿಟಕಿಗೆ ಕಪ್ಪು ಬಳಿದ ಕೋಣೆಯಲ್ಲಿ ಕೂರಿಸಿದರು. ಮೇಜಿನ ಮೇಲೆ ಬೀಳುವ ಚಿತ್ರವನ್ನು ನೋಡಿ, ಯಾವ ಗೆರೆ ಎತ್ತ ಬಾಗಿದೆ ಎಂದು ಹಾಳೆಯಲ್ಲಿ ಬರೆಯುವುದು ಅವರ ಕೆಲಸ. ಪ್ರಬಂಧದ ಕೊನೆಯಲ್ಲಿ ‘ನಮ್ಮ ಹುಡುಗಿಯರ ತಾಳ್ಮೆಗೆ ಕೃತಜ್ಞತೆಗಳು’ ಎಂದು ಅಚ್ಚಾಗುತ್ತಿತ್ತು. ಅವರಲ್ಲಿ ಇಬ್ಬರು ಅಜ್ಜಿಯರಾಗಿದ್ದರು.

ಚಿತ್ರದಲ್ಲಿ ಕಣಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು. ದಾರಿಯಲ್ಲಿ ಅಲ್ಲಲ್ಲಿ ಎಲೆಕ್ಟ್ರಾನುಗಳು ಸಿಡಿದು ಸಣ್ಣ ಸಣ್ಣ ಸುರುಳಿ ಸುತ್ತುತ್ತಿದ್ದವು. ಹುಡುಗಿಯರು ಅವನ್ನು ಗುಂಗುರು ಎನ್ನುತ್ತಿದ್ದರು. ಗುಂಗುರು ಯಾವಾಗಲೂ ಬಲಕ್ಕೆ. ಎಲೆಕ್ಟ್ರಾನು ಋಣಕಣ, ಬಲಕ್ಕೆ ತಿರುಗಲೇಬೇಕು. ಇನ್ನೊಂದು ಗುರುತೂ ಇತ್ತು. ತೊಟ್ಟಿಯ ಗಾಜಿನ ಮೇಲೆ ಅಳತೆಗಾಗಿ ಕೊರೆದ ಕೂಡು ಚಿಹ್ನೆಗಳಿದ್ದವು. ಮೇಲೆ ಎಡಗಡೆ ಮೂಲೆಯಲ್ಲಿದ್ದದ್ದಕ್ಕೆ ಒಂದು ತೋಳಿರಲಿಲ್ಲ. ಯಾವನೋ ಮೆಕ್ಯಾನಿಕ್ ಸ್ಪ್ಯಾನರ್ ಬೀಳಿಸಿ ಅಲ್ಲಿ ಗಾಜು ಸಿಡಿದಿತ್ತು. ಹುಡುಗಿಯರು ಅದಕ್ಕೆ ಕುಂಟ ಎಂದು ಹೆಸರಿಟ್ಟಿದ್ದರು. ದೀಪ ಹಾಕಿದ ಕೂಡಲೇ “ಬಂದ್ಯಾ ಕುಂಟ, ಚೆನ್ನಾಗಿದ್ದೀಯಾ” ಎಂದು ಮಾತಾಡಿಸಿ ದಿನದ ಕೆಲಸ ಶುರುಮಾಡುತ್ತಿದ್ದರು.

ಚಿತ್ರಗಳ ಪ್ರತಿ ಫಿಲ್ಮ್ ರೀಲನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣಬಾರದು. ಆಮೇಲೆ ಎರಡನ್ನೂ ಹೋಲಿಸುವುದು. ಹೊಂದದ ಸಾಲುಗಳನ್ನು ಭೌತಶಾಸ್ತ್ರಜ್ಞ ತಾನೇ ಚಿತ್ರ ನೋಡಿ ತೀರ್ಮಾನಿಸಬೇಕು. ಸರಿಯಾದದ್ದಕ್ಕೆ ಹಸಿರು ಗುರುತು, ತಪ್ಪಿಗೆ ಕೆಂಪು ಗೆರೆ, ಪಕ್ಕದಲ್ಲಿ ಅವನ ಸಹಿ. ಪ್ರತಿ ಶುಕ್ರವಾರ ಯಾರ ತಪ್ಪು ಎಷ್ಟು ಎಂದು ಗೋಡೆಗೆ ಅಂಟಿಸುತ್ತಿದ್ದರು. ಕಡಿಮೆ ತಪ್ಪಿನವರ ಹೆಸರು ಮೇಲೆ. ಐದು ವರ್ಷ ಒಡೆಟ್‌ಳ ಹೆಸರು ಮೇಲೇ ಇತ್ತು. ತಿಂಗಳಿಗೆ ಎರಡು ತಪ್ಪು, ಹೆಚ್ಚೆಂದರೆ ಮೂರು.

೧೯೭೪ರ ವಸಂತದಲ್ಲಿ ಇನ್ನೂರ ಹದಿನಾಲ್ಕನೆಯ ರೀಲು ಬಂತು. ಗುಂಪಿನ ಮುಖ್ಯಸ್ಥ ಎಡ್ವಿನ್ ಸ್ಟ್ರಾಕ್. ಆಗ ಅವನಿಗೆ ಮೂವತ್ತಾರು. ಯಾರ ಮಾತನ್ನೂ ಕೊನೆತನಕ ಕೇಳಿದವನಲ್ಲ. ಅವನು ಆ ರೀಲಿನ ಒಂದು ನಕಲು ಮಾಡಿಸಿ ತನ್ನ ವಿಶ್ವವಿದ್ಯಾಲಯಕ್ಕೆ ಕಳಿಸಿದ. ಎರಡನೆಯ ನೋಟವನ್ನು ಅಲ್ಲಿನ ಭೌತಶಾಸ್ತ್ರದ ವಿದ್ಯಾರ್ಥಿಗಳು ಮಾಡಿದರು. ಅವರ ಹಾಳೆ ಬಂದಾಗ ಒಡೆಟ್ ಬರೆದ ನಲವತ್ತೆರಡು ಸಾಲುಗಳಲ್ಲಿ ನಲವತ್ತೊಂದು ತಲೆಕೆಳಗು. ಅವಳು ಎಡ ಎಂದಲ್ಲಿ ಅವರು ಬಲ, ಅವಳು ಬಲ ಎಂದಲ್ಲಿ ಅವರು ಎಡ. ಅದರಲ್ಲಿ ಒಂದು ಸಾಲು, ಹತ್ತೊಂಬತ್ತನೆಯದು, ಸ್ಟ್ರಾಕ್ ಎರಡು ವರ್ಷದಿಂದ ಹುಡುಕುತ್ತಿದ್ದ ಭಾರವಾದ ಕಣದ್ದು.

ಹಾಳೆಗಳನ್ನು ಹೋಲಿಸಿದವಳು ನಾನು. ಸ್ಟ್ರಾಕ್ ಅವಳನ್ನು ಕರೆಸಿದಾಗ ಕೋಣೆಯಲ್ಲಿ ನಾನೂ ಇದ್ದೆ.

“ಮೆರ್ಮಿಯೊ, ನಿಮಗೆ ಎಡ ಬಲ ಗೊತ್ತಿದೆ ತಾನೇ?”

“ದಿನಾ ಬೆಳಗ್ಗೆ ಎರಡೂ ಕೈಯಲ್ಲಿ ಹಾಲು ಕರೀತೀನಿ ಸರ್. ಎರಡೂ ಗೊತ್ತು.”

“ಹಾಗಾದ್ರೆ ಈ ನಲವತ್ತೊಂದು?”

“ನೋಡಿದ ಹಾಗೆ ಬರ್ದಿದೀನಿ.”

“ಆ ಹುಡುಗರು ಭೌತಶಾಸ್ತ್ರ ಓದಿದವರು.”

“ಇದನ್ನ ಓದೋದಲ್ಲ ಸರ್. ನೋಡೋದು.”

ಈ ಮಾತು ಅವನಿಗೆ ಹಿಡಿಸಲಿಲ್ಲ. ಅವಳ ಮುಂದೆಯೇ ಹಾಳೆ ಎಳೆದುಕೊಂಡು ಕೆಂಪು ಪೆನ್ಸಿಲಿನಲ್ಲಿ ಒಂದೊಂದೇ ಸಾಲು ಹೊಡೆದು ಸಹಿ ಮಾಡಿದ. ಚಿತ್ರ ನೋಡಿ ತೀರ್ಮಾನಿಸಬೇಕೆಂಬ ನಿಯಮವನ್ನು ಬರೆದವನೂ ಅವನೇ. ಹೊಂದಿದ ಒಂದೇ ಸಾಲಿಗೆ ಹಸಿರು ಗುರುತು ಹಾಕಿದ. ಒಡೆಟ್ ಬಾಗಿಲ ಬಳಿ ನನ್ನತ್ತ ತಿರುಗಿ, “ಡಾಕ್ಟ್ರಮ್ಮ, ನೀನಾದ್ರೂ ಒಂದ್ಸಲ ಮೇಜಿನ ಹತ್ರ ಬಂದು ನೋಡ್ತೀಯಾ?” ಎಂದಳು. ನನಗೆ ಡಾಕ್ಟರೇಟ್ ಬಂದು ಆಗ ಆರು ವಾರವಾಗಿತ್ತು. ಆಮೇಲೆ ನೋಡೋಣ ಎಂದೆ. ನೋಡಲಿಲ್ಲ.

ಕೆಲಸದಿಂದ ತೆಗೆದ ಪತ್ರದಲ್ಲಿ ‘ಗಮನದ ಕೊರತೆ, ಬಹುಶಃ ದೃಷ್ಟಿದೋಷ’ ಎಂದಿತ್ತು. ಅವಳು ಕಣ್ಣಿನ ಡಾಕ್ಟರ ಬಳಿ ಹೋದಳು. ಕಣ್ಣಿಗೆ ಏನೂ ಆಗಿಲ್ಲ ಎಂದರು. ಹಾಗಾದರೆ ದೋಷ ಕಣ್ಣಿನ ಹಿಂದೆ, ತಲೆಯೊಳಗೆ ಎಲ್ಲೋ ಇರಬೇಕು ಎಂದು ಅವಳು ತೀರ್ಮಾನಿಸಿಕೊಂಡಳು. ವಿದ್ಯಾವಂತರು ಬರೆದುಕೊಟ್ಟದ್ದನ್ನು ಹೀಗೆ ನಂಬುವವರು ಇರುವುದರಿಂದಲೇ ವಿದ್ಯಾವಂತರು ಹೀಗೆ ಬರೆಯುತ್ತಾರೆ.

ಆಮೇಲೆ ಬೆಟ್ಟದ ಆಚೆ ಮೊರೇ ಪಟ್ಟಣದಲ್ಲಿ ಕನ್ನಡಕದ ಕಾರ್ಖಾನೆ ಸೇರಿದಳು. ಅವಳ ಚುರುಕು ಕಂಡು ಮಸೂರಗಳನ್ನು ಪರೀಕ್ಷಿಸುವ ಮೇಜಿಗೆ ಹಾಕಲು ಬಂದರು. ಒಲ್ಲೆ ಎಂದಳು. ಪೆಟ್ಟಿಗೆಗೆ ತುಂಬುವ ಕೆಲಸ ಕೇಳಿ ಪಡೆದು ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದಳು. ಕಾರು ಓಡಿಸಲು ಕಲಿಯಲಿಲ್ಲ. ರಸ್ತೆ ಕವಲೊಡೆದಲ್ಲಿ ನಿಂತು ಯಾರನ್ನಾದರೂ “ಇದು ಎಡಾನೋ ಬಲಾನೋ?” ಎಂದು ಕೇಳಿಯೇ ಮುಂದೆ ಹೋಗುವಳು. ಹೆಣೆದ ಸ್ವೆಟರಿನ ತೋಳುಗಳನ್ನು ಗಂಡನಿಂದ ಪರೀಕ್ಷೆ ಮಾಡಿಸುವಳು. ಗಂಡ ಮಾರಿಯುಸ್ ಅಂಚೆಯವನು, ತಮಾಷೆಯ ಮನುಷ್ಯ. ಅವಳ ಕೈಗವಸುಗಳ ಒಳಗೆ ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ ದಾರ ಹೊಲಿದುಕೊಟ್ಟಿದ್ದ. “ನಮ್ಮನೆಯವಳಿಗೆ ಕೈ ಎರಡೂ ಒಂದೇ ಕಡೆ ಇವೆ” ಎಂದು ಕಾಫಿ ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಅವನು ಸತ್ತ ಮೇಲೂ ಆ ದಾರಗಳನ್ನು ಕಿತ್ತಿರಲಿಲ್ಲ.

ಇತ್ತ, ಅವಳು ಹೋದ ಎರಡು ತಿಂಗಳಿಗೆ ಸ್ಟ್ರಾಕನ ಪ್ರಬಂಧ ಹೊರಬಂತು. ಕರಡಿನಲ್ಲಿ ಭಾರವಾದ ಕಣ ಋಣ ಎಂದಿತ್ತು. ಅಚ್ಚಿನಲ್ಲಿ ಧನ ಆಗಿತ್ತು. “ಮೂಲ ರೀಲನ್ನ ಯಂತ್ರದಲ್ಲಿ ಅಳೆದ್ವಿ, ಹಾಗೆ ಬಂತು” ಎಂದ. ಆ ಒಂದು ಸಾಲಿನಲ್ಲಿ ಒಡೆಟ್ ಸರಿಯಾಗಿದ್ದರೆ ಉಳಿದ ನಲವತ್ತರ ಕತೆ ಏನು ಎಂದು ನಾನು ಕೇಳಲಿಲ್ಲ. ನನಗೆ ಆ ಪ್ರಬಂಧದಲ್ಲಿ ಹೆಸರು ಬೇಕಿತ್ತು. ಬಂತು.

ಕಂಡುಹಿಡಿದದ್ದು ದೊಡ್ಡದೇ. ಅದರ ಚಿತ್ರ ಇನ್ನೂ ದೊಡ್ಡದಾಯಿತು. ವಿಶ್ವವಿದ್ಯಾಲಯದಿಂದ ಮರಳಿ ಬಂದ ನಕಲಿನಲ್ಲಿ ಗೀರುಗಳಿಲ್ಲದೆ ಹತ್ತೊಂಬತ್ತನೆಯ ಚಿತ್ರ ಅಂದವಾಗಿ ಬಂದಿತ್ತು. ಅದು ಪತ್ರಿಕೆಯ ಮುಖಪುಟಕ್ಕೆ ಹೋಯಿತು, ಪಠ್ಯಪುಸ್ತಕಗಳಿಗೆ ಹೋಯಿತು, ಕಾಫಿ ಲೋಟ, ಚೀಲ, ಮಕ್ಕಳ ಅಂಗಿಗಳ ಮೇಲೆ ಹೋಯಿತು. ಸ್ಟ್ರಾಕನ ಹೆಸರನ್ನು ಆವರಣದ ಒಂದು ರಸ್ತೆಗೆ ಇಟ್ಟರು. ಸೈಕಲ್ ಶೆಡ್ಡಿನಿಂದ ಕಸದ ಅಂಗಳಕ್ಕೆ ಹೋಗುವ ರಸ್ತೆ. ಐವತ್ತನೆಯ ವರ್ಷಕ್ಕೆಂದು ಆ ಚಿತ್ರವನ್ನು ದೊಡ್ಡ ಸಭಾಂಗಣದ ಗೋಡೆಯ ಮೇಲೆ ಎರಡು ಮಹಡಿ ಎತ್ತರಕ್ಕೆ ಇದ್ದ ಹಾಗೇ ಬರೆಸಿದರು. ಅದರ ಕೆಳಗೆ ಪ್ರಬಂಧದ ಮೊದಲ ಪುಟವನ್ನು ಚೌಕಟ್ಟು ಹಾಕಿ ತೂಗುಹಾಕಿದರು. ಸದಸ್ಯ ದೇಶಗಳ ಮಂತ್ರಿಗಳು ಬರುವವರಿದ್ದರು.

ಈಗ ನಮ್ಮ ಸುದ್ದಿ ವಿಭಾಗದಲ್ಲಿ ಇಪ್ಪತ್ತಮೂರು ಜನರಿದ್ದಾರೆ. ಗುಳ್ಳೆತೊಟ್ಟಿಯನ್ನು ಹದಿನೇಳು ಜನ ಕಟ್ಟಿದ್ದರು. ಆ ಇಪ್ಪತ್ತಮೂರರಲ್ಲಿ ಒಬ್ಬಳು ಜಿನೆವ್ರಾ ಸಾರ್ತೋರಿ ಎಂಬ ಹುಡುಗಿ, ನನ್ನ ಮನೆಗೆ ಬಂದಳು.

“ಆ ಕಾಲದ ಹುಡುಗಿಯರಲ್ಲಿ ಯಾರಾದ್ರೂ ಬದುಕಿದ್ದಾರಾ ಮೇಡಂ? ಚಿತ್ರದ ಕೆಳಗೆ ನಿಲ್ಲಿಸಿ ಒಂದು ಫೋಟೊ ಬೇಕಿತ್ತು.”

“ಫೋಟೊಗೆ ಬದುಕಿರಲೇಬೇಕಾ?”

“ಬದುಕಿದ್ರೆ ಚೆನ್ನಾಗಿರುತ್ತೆ,” ಎಂದಳು. ನನ್ನ ಮುಖ ನೋಡಿ, ಹೇಳಿದ್ದಕ್ಕೆ ನಾಚಿಕೊಂಡಳು. ಆ ನಾಚಿಕೆಗಾಗಿ ಅವಳಿಗೆ ಒಡೆಟ್‌ಳ ಹೆಸರು ಕೊಟ್ಟೆ.

ಒಡೆಟ್ ಜೆಕ್ಸ್ ಪಟ್ಟಣದಲ್ಲಿ ಚೀಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದಳು. ಎಪ್ಪತ್ತಮೂರು ವರ್ಷ, ನೆಟ್ಟಗಿನ ಬೆನ್ನು. ಕರೆಯಲು ನಾನೇ ಹೋದೆ. ಬೇಯಿಸಿದ ಆಲೂಗಡ್ಡೆಯ ಮೇಲೆ ನೀಲಿ ಚೀಸ್ ಕರಗಿಸಿ ಮುಂದಿಟ್ಟಳು.

“ನನ್ನನ್ನ ಯಾಕೆ ಕರೀತಾರೆ ಡಾಕ್ಟ್ರಮ್ಮ? ತಪ್ಪು ಮಾಡಿ ಹೊರಗೆ ಬಿದ್ದವಳು ನಾನು.”

“ಉಳಿದವರು ಸತ್ತಿದ್ದಾರೆ.”

“ಹಾಗೋ. ಸಾಯದೇ ಇರೋದೂ ಒಂದು ಅರ್ಹತೆ ಅನ್ನು.” ಸ್ವಲ್ಪ ಹೊತ್ತು ತಿಂದಳು. “ಒಂದ್ಸಲ ಆ ಚಿತ್ರ ನೋಡ್ಬೇಕು ಅಂತಿತ್ತು. ಲೋಟದ ಮೇಲೆ ಸಣ್ಣದಾಗಿ ಕಾಣುತ್ತೆ, ನನ್ನ ಕಣ್ಣನ್ನ ನಂಬೋ ಹಾಗಿಲ್ಲ. ನಾನು ಎಲ್ಲಿ ಎಡವಿದೆ ಅಂತಾದ್ರೂ ಗೊತ್ತಾಗ್ಲಿ. ಐವತ್ತು ವರ್ಷ ಆಯ್ತು, ನನಗೆ ಅದು ಎಡಕ್ಕೇ ಇದ್ದ ಹಾಗೆ ನೆನಪು.”

ಸಭಾಂಗಣದಲ್ಲಿ ಹಳೆಯ ಪ್ರೊಜೆಕ್ಟರ್ ಮೇಜನ್ನು ಉಗ್ರಾಣದಿಂದ ತಂದು, ಒರೆಸಿ, ಹೊಸ ದೀಪ ಹಾಕಿ ಇಟ್ಟಿದ್ದರು. ಒಡೆಟ್‌ಗೆ ಒಂದು ಬಿಳಿ ಕೋಟು ಹಿಡಿದರು.

“ಇದ್ಯಾಕೆ?”

“ಆ ಕಾಲದ ವಾತಾವರಣ ಬರ್ಲಿ ಅಂತ,” ಎಂದಳು ಜಿನೆವ್ರಾ.

“ಆ ಕಾಲದಲ್ಲಿ ನಾನು ನಮ್ಮಪ್ಪನ ಸ್ವೆಟರ್ ಹಾಕ್ಕೊಂಡು ಬರ್ತಿದ್ದೆ. ಬಿಳಿ ಕೋಟೆಲ್ಲ ನಮ್ಮನ್ನ ನೋಡೋಕೆ ಬರ್ತಿದ್ದವರದ್ದು.”

ಸ್ಟ್ರಾಕ್ ಬಂದ. ಎಂಬತ್ತಾರು ವರ್ಷ, ಊರುಗೋಲು, ಸುತ್ತ ನಾಲ್ಕು ಜನ. ಒಡೆಟ್‌ಳ ಕೈ ಕುಲುಕಿ “ಓ, ನಮ್ಮ ಹುಡುಗಿಯರಲ್ಲಿ ಒಬ್ಬಳು” ಎಂದ. ಗುರುತು ಸಿಗಲಿಲ್ಲ. ಸಿಗಬೇಕೆಂದು ಪ್ರಯತ್ನಿಸಲೂ ಇಲ್ಲ.

ಒಡೆಟ್ ತಲೆಯೆತ್ತಿ ಗೋಡೆ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಫೋಟೊ ತೆಗೆಯುವವನು ನಗಲು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು.

“ಡಾಕ್ಟ್ರಮ್ಮ, ಗುಂಗುರು ಯಾವ ಕಡೆಗಿದೆ?”

ನೋಡಿದೆ. “ಎಡಕ್ಕೆ.”

“ಸರಿಯಾಗಿ ನೋಡು. ನಿನಗೂ ಎಡಕ್ಕೇ ಕಾಣುತ್ತಾ?”

“ಎಡಕ್ಕೇ.”

ಆ ಚಿತ್ರ ಐವತ್ತು ವರ್ಷ ನನ್ನ ಕಾಫಿ ಲೋಟದ ಮೇಲಿತ್ತು. ಈ ಆವರಣದಲ್ಲಿ ದಿನವೂ ಮೂರು ಸಾವಿರ ಭೌತಶಾಸ್ತ್ರಜ್ಞರು ಅದರ ಮುಂದೆ ಓಡಾಡುತ್ತಾರೆ. ಎಲೆಕ್ಟ್ರಾನುಗಳು ತಪ್ಪು ದಿಕ್ಕಿಗೆ ಸುತ್ತುತ್ತಿವೆ ಎಂದು ಒಬ್ಬನಿಗೂ ಕಂಡಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಕಳಿಸಿದ ನಕಲನ್ನು ಹೊರಗು ಒಳಗಾಗಿ ಅಚ್ಚು ಹಾಕಿದ್ದರು, ಕನ್ನಡಿಯಲ್ಲಿ ಕಂಡಂತೆ. ಓದಿದ ಹುಡುಗರು ತಮ್ಮ ಗೆರೆಗಳನ್ನು ನೋಡಿದರು, ಗುಂಗುರನ್ನು ನೋಡಲಿಲ್ಲ. ಕೆಳಗೆ ತೂಗುಹಾಕಿದ ಪ್ರಬಂಧದಲ್ಲಿ ಸರಿಯಿತ್ತು, ಮೇಲಿನ ಚಿತ್ರದಲ್ಲಿ ತಪ್ಪಿತ್ತು, ಎರಡರ ನಡುವೆ ಒಂದು ಗೇಣು ಜಾಗವಿತ್ತು.

ನಾನು ಇದನ್ನು ಗಟ್ಟಿಯಾಗಿ ಹೇಳಿದೆ. ಸುತ್ತ ಇದ್ದವರು ಸ್ಟ್ರಾಕನ ಮುಖ ನೋಡಿದರು. ಅವನು ನಕ್ಕ.

“ಆ ಸಲ ಕಾಂತದ ದಿಕ್ಕನ್ನ ಬದಲಾಯಿಸಿದ್ವಿ. ಆಗ ಎಲೆಕ್ಟ್ರಾನ್ ಎಡಕ್ಕೇ ತಿರುಗುತ್ತೆ. ಇದು ಇವರಿಗೆ ಗೊತ್ತಿರೋಕೆ ಸಾಧ್ಯವಿಲ್ಲ.”

ಒಡೆಟ್ ಇನ್ನೂ ಗೋಡೆಯನ್ನೇ ನೋಡುತ್ತಿದ್ದಳು. “ಗಾಜನ್ನೂ ಬದಲಾಯಿಸಿದ್ರಾ ಸರ್?”

“ಯಾವ ಗಾಜು?”

“ತೊಟ್ಟಿಯ ಗಾಜು. ಕುಂಟ ಎಡಗಡೆ ಮೂಲೇಲಿ ಇರ್ತಿದ್ದ. ಇಲ್ಲಿ ಬಲಗಡೆಗೆ ಬಂದು ನಿಂತಿದ್ದಾನೆ. ಕಾಂತ ತಿರುಗಿಸಿದ್ರೆ ಕಣ ತಿರುಗುತ್ತೆ, ಒಪ್ಪಿದೆ. ಕುಂಟ ಯಾಕೆ ಎದ್ದು ಆ ಕಡೆ ಹೋದ?”

ಗಾಜು ನೋಡಲು ದೂರ ಹೋಗಬೇಕಾಗಿರಲಿಲ್ಲ. ಅದು ಬಾಗಿಲ ಬಳಿ, ಕೋಟು ತೂಗುಹಾಕುವ ಜಾಗದ ಪಕ್ಕದಲ್ಲಿ, ಪ್ರದರ್ಶನಕ್ಕೆ ನಿಲ್ಲಿಸಿತ್ತು. ಎಲ್ಲರೂ ಹೋದೆವು. ಸ್ಟ್ರಾಕ್ ಹಿಂಬದಿಗೆ ಹೋಗಿ ನಿಂತು, “ಇಲ್ಲಿಂದ ಬಲಗಡೇನೇ ಇದೆಯಲ್ಲ” ಎಂದ.

“ಗಾಜಿನ ಮೇಲೆ ಕಾರ್ಖಾನೆಯವರು ಅಂಕಿ ಕೊರೆದಿದ್ದಾರೆ,” ಎಂದಳು ಒಡೆಟ್. “ಅದು ನೆಟ್ಟಗೆ ಓದೋಕೆ ಬರೋ ಕಡೆ ಕ್ಯಾಮೆರಾ ಇರ್ತಿತ್ತು. ಈ ಕಡೆ ಬನ್ನಿ ಸರ್. ನಿಧಾನ, ಮೆಟ್ಟಿಲಿದೆ.”

ಅವನು ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಹೊತ್ತಾಯಿತು ಎಂದು ಹೊರಟುಹೋದ.

ಮರುದಿನ ಹನ್ನೊಂದು ಜನರ ಸಭೆ ಸೇರಿತು. ಮಂತ್ರಿಗಳು ಬರಲು ಒಂಬತ್ತು ದಿನ ಉಳಿದಿತ್ತು. ಗೋಡೆಗೆ ಮತ್ತೆ ಬಣ್ಣ ಬಳಿಯುವುದೇ, ಪರದೆ ಹಾಕುವುದೇ, ಸುಮ್ಮನಿರುವುದೇ ಎಂದು ನಾಲ್ಕು ಗಂಟೆ ಚರ್ಚೆ. ಕೊನೆಗೆ ಚಿತ್ರದ ಕೆಳಗೆ ಒಂದು ಹಿತ್ತಾಳೆ ಫಲಕ ಹಾಕಿದರು: ‘ಕಲಾವಿದನ ಕಲ್ಪನೆ.’ ಕ್ಯಾಮೆರಾ ತೆಗೆದ ಚಿತ್ರಕ್ಕೆ ಕಲಾವಿದ ಎಲ್ಲಿಂದ ಬಂದ ಎಂದು ಹನ್ನೊಂದು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಕಲ್ಪನೆಯಲ್ಲಿ ತಪ್ಪು ಎಂಬುದು ಇರುವುದಿಲ್ಲವಾದ್ದರಿಂದ ಪತ್ರಿಕೆಯಲ್ಲಿ ತಿದ್ದುಪಡಿಯೂ ಬೇಕಾಗಿಲ್ಲ ಎಂದು ತೀರ್ಮಾನವಾಯಿತು.

ಇದನ್ನು ಹೇಳಲು ಜಿನೆವ್ರಾ ನನ್ನ ಜೊತೆ ಜೆಕ್ಸಿಗೆ ಬಂದಳು. ಅವಳು ಬರೆದಿದ್ದ ಲೇಖನವನ್ನು ಮೇಲಿನವರು ಹೊಡೆದುಹಾಕಿದ್ದರು. ಅದರ ಬದಲು ಒಂದು ‘ತೆರೆಮರೆಯ ವೀರರು’ ಪುಟ ಕೊಡುವುದಾಗಿ ಹೇಳಿ ಕಳಿಸಿದ್ದರು.

“ವೀರೆಯಾಗಿ ನಾನೇನು ಮಾಡ್ಲಿ ಮಗಳೇ?” ಎಂದಳು ಒಡೆಟ್. “ನನಗೆ ನನ್ನ ಹಾಳೆ ಬೇಕು.”

“ಯಾವ ಹಾಳೆ?”

“ಇನ್ನೂರ ಹದಿನಾಲ್ಕು. ನಲವತ್ತೊಂದು ಕೆಂಪು ಗೆರೆ ಇದೆಯಲ್ಲ, ಅದು. ಜಗಳ ಬಿದ್ದ ಸಾಲನ್ನ ಚಿತ್ರ ನೋಡಿ ತೀರ್ಮಾನ ಮಾಡ್ಬೇಕು ಅಂತ ನಿಯಮ. ಅವರು ನೋಡದೆ ಮಾಡಿದ್ರು. ಈಗ ನೋಡಿ ಮಾಡ್ಲಿ.”

ನಮ್ಮ ಕೇಂದ್ರ ಮನುಷ್ಯರನ್ನು ಬಿಸಾಡುತ್ತದೆ, ಕಾಗದವನ್ನು ಬಿಸಾಡುವುದಿಲ್ಲ. ಹಾಳೆ ದಾಖಲೆ ಕೋಣೆಯಲ್ಲಿತ್ತು, ಮೂಲ ರೀಲೂ ಇತ್ತು. ಇಲ್ಲದಿದ್ದವನು ಸ್ಟ್ರಾಕ್. ಅವನಿಗೆ ಮೈ ಸರಿಯಿಲ್ಲ ಎಂದರು, ಪುರುಸೊತ್ತಿಲ್ಲ ಎಂದರು. ನಾನೇ ಫೋನ್ ಮಾಡಿದೆ.

“ಎಡ್ವಿನ್, ಪ್ರಬಂಧದ ಮೊದಲ ಕರಡು ನನ್ನ ಹತ್ತಿರ ಇದೆ. ಋಣ ಅಂತ ಬರೆದದ್ದು. ಪಕ್ಕದಲ್ಲಿ ನಿನ್ನ ಕೈಬರಹದಲ್ಲಿ ‘ನಕಲು ತಿರುಗಿದೆ, ಯಾರಿಗೂ ಹೇಳಬೇಡಿ’ ಅಂತಿದೆ.”

“ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ಯಾ?”

“ಇಟ್ಟುಕೊಂಡಿದ್ದೆ. ಓದಿ ಇಟ್ಟುಕೊಂಡಿದ್ದೆ.”

ಹೌದು, ಓದಿದ್ದೆ. ಕೇಳಲಿಲ್ಲ ಎಂದು ಮೇಲೆ ಬರೆದೆ. ಕೇಳುವ ಅಗತ್ಯವೇ ಇರಲಿಲ್ಲ ಎಂಬುದು ಹೆಚ್ಚು ಸರಿ. ಸ್ಟ್ರಾಕನನ್ನು ಹೀಗಳೆಯುವವರು ನನ್ನನ್ನು ಬಿಟ್ಟು ಹೀಗಳೆಯಬಾರದು.

ಮಂತ್ರಿಗಳು ಬರುವ ಹಿಂದಿನ ದಿನ, ಬೆಳಗ್ಗೆ ಹತ್ತಕ್ಕೆ, ಅವನು ಬಂದು ಪ್ರೊಜೆಕ್ಟರ್ ಮೇಜಿನ ಮುಂದೆ ಕುಳಿತ. ಫೋಟೊಗೆಂದು ಹಾಕಿದ ಹೊಸ ದೀಪ ಚೆನ್ನಾಗಿ ಉರಿಯಿತು. ಒಡೆಟ್ ಅಪ್ಪನ ಸ್ವೆಟರನ್ನಲ್ಲ, ತಾನೇ ಹೆಣೆದದ್ದನ್ನು ಹಾಕಿಕೊಂಡು ಬಂದಿದ್ದಳು. ರೀಲು ತಿರುಗಿಸುವ ಹಿಡಿಕೆ ಅವಳ ಕೈಯಲ್ಲಿತ್ತು. ಮೇಜಿನ ಮೇಲೆ ಮೊದಲ ಚಿತ್ರ ಬಿದ್ದಾಗ ಎಡಮೂಲೆಯತ್ತ ನೋಡಿ, ತುಟಿ ಮಾತ್ರ ಅಲ್ಲಾಡುವಂತೆ ಏನೋ ಹೇಳಿದಳು.

ಸ್ಟ್ರಾಕ್ ಪೆನ್ನು ತೆಗೆದ. “ಕೆಳಗೆ ಎಲ್ಲಾ ಸರಿ ಅಂತ ಬರ್ದು ಒಂದು ಸಹಿ ಹಾಕಿದ್ರೆ ಆಗಲ್ವಾ ಮೆರ್ಮಿಯೊ?”

“ಹೊಡೆಯೋವಾಗ ಒಂದೊಂದಾಗಿ ಹೊಡೆದಿದ್ರಿ ಸರ್.”

ಒಂದೊಂದಾಗಿ ಮಾಡಿದ. ಚಿತ್ರ ನೋಡುವುದು, ಎಡವೋ ಬಲವೋ ಹೇಳುವುದು, ಹಾಳೆ ನೋಡುವುದು, ಹಸಿರು ಗುರುತು, ಸಹಿ. ಆರನೆಯದಕ್ಕೆ ಬರುವಷ್ಟರಲ್ಲಿ ನೋಡುವುದನ್ನು ಬಿಟ್ಟು ಬರೇ ಸಹಿ ಹಾಕತೊಡಗಿದ. ಒಡೆಟ್ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿದಳು. ಅವನು ಮತ್ತೆ ನೋಡತೊಡಗಿದ. ಹತ್ತೊಂಬತ್ತನೆಯದರಲ್ಲಿ, ತನ್ನ ಹೆಸರಿನ ರಸ್ತೆಗೆ ಕಾರಣವಾದ ಗೆರೆಯಲ್ಲಿ, ಸ್ವಲ್ಪ ಹೆಚ್ಚು ಹೊತ್ತು ನಿಂತು “ಎಡ” ಎಂದ. ಕಾಫಿಗೆ ಒಮ್ಮೆ ಎದ್ದ. ಒಡೆಟ್ ಏಳಲಿಲ್ಲ.

ಇಪ್ಪತ್ತೊಂಬತ್ತನೆಯ ಸಾಲಿಗೆ ಬಂದಾಗ ಅವನು ಹಾಳೆ ನೋಡಿ, “ಇದು ಬಿಡಿ. ಇದಕ್ಕೆ ಆವತ್ತೇ ಹಸಿರು ಹಾಕಿದ್ದೆ. ಇದೊಂದು ಹೊಂದಿತ್ತು” ಎಂದ.

“ಹೊಂದಿತ್ತು ಅಂತಲೇ ಅನುಮಾನ,” ಎಂದಳು ಒಡೆಟ್. “ಅವರ ನಕಲು ತಿರುಗಿತ್ತು. ಅವರು ಹೇಳಿದ್ದೇ ನಾನೂ ಹೇಳಿದ್ರೆ ನಾನು ತಪ್ಪು ಹೇಳಿದೀನಿ ಅಂತ ತಾನೇ? ನೋಡಿ ಸರ್.”

ಚಿತ್ರ ಬಂತು. ಒಂದು ಮಸುಕು ಗೆರೆ, ಎರಡು ದಪ್ಪ ಗೆರೆಗಳ ನಡುವೆ ಸಿಕ್ಕಿಕೊಂಡದ್ದು. ಹಾಳೆಯಲ್ಲಿ ಎಡ ಎಂದಿತ್ತು. ಗೆರೆ ಬಲಕ್ಕೆ ಬಾಗಿತ್ತು. ಐವತ್ತು ವರ್ಷದ ಹಿಂದೆ ಅವಳು ಆ ರೀಲಿನಲ್ಲಿ ಮಾಡಿದ್ದ ಒಂದೇ ಒಂದು ತಪ್ಪು ಅದು. ಇಡೀ ಹಾಳೆಯಲ್ಲಿ ಕೇಂದ್ರ ಮೆಚ್ಚಿದ್ದೂ ಅದನ್ನೊಂದನ್ನೇ.

“ಹೋಗ್ಲಿ, ಒಂದು ತಾನೇ,” ಎಂದ ಸ್ಟ್ರಾಕ್. ಅವನ ದನಿಯಲ್ಲಿ ಮೊದಲ ಸಲ ಸ್ವಲ್ಪ ಸಂಕೋಚವಿತ್ತು.

“ಕೆಂಪು ಪೆನ್ಸಿಲ್ ನನ್ನ ಹತ್ರ ಇದೆ,” ಎಂದು ಸ್ವೆಟರಿನ ಜೇಬಿನಿಂದ ತೆಗೆದುಕೊಟ್ಟಳು. “ಹೊಡೀರಿ. ಸಹಿ ಹಾಕಿ.”

ಅವನು ಹೊಡೆದ. ಸಹಿ ಹಾಕಿದ. ಆಮೇಲೆ ಉಳಿದ ಹದಿಮೂರನ್ನು ಒಂದೊಂದಾಗಿ ನೋಡಿ ಮುಗಿಸಿದ. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಕ್ಯಾಂಟೀನಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಊರುಗೋಲು ಹಿಡಿದು ಎದ್ದು ನಿಂತು, “ನಿಮ್ಮ ಕಣ್ಣು ಚೆನ್ನಾಗಿತ್ತು ಮೆರ್ಮಿಯೊ” ಎಂದ.

“ಇದೆ,” ಎಂದಳು.

ಅಷ್ಟೇ. ಕ್ಷಮೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ, ಕೇಳಿಸಿಕೊಳ್ಳುವ ಆಸೆ ಅವಳಿಗಿರಲಿಲ್ಲ. ಹಾಳೆಯನ್ನು ದಾಖಲೆ ಕೋಣೆಯವರು ಕೊಡುವುದಿಲ್ಲ ಎಂದರು. ಒಡೆಟ್ ವಾದಿಸಲಿಲ್ಲ. “ಇಲ್ಲೇ ಇರ್ಲಿ. ತಪ್ಪಾಗಿ ಇಟ್ಕೊಂಡಿದ್ರು, ಸರಿಯಾಗಿ ಇಟ್ಕೊಳ್ಳಲಿ” ಎಂದಳು.

ಮಂತ್ರಿಗಳು ಬಂದರು, ಕಲಾವಿದನ ಕಲ್ಪನೆಯ ಮುಂದೆ ನಿಂತರು, ಹೋದರು. ಮುಂದಿನ ವಾರದ ಪತ್ರಿಕೆಯನ್ನು ನಾನು ಜೆಕ್ಸಿಗೆ ತೆಗೆದುಕೊಂಡು ಹೋದೆ. ಎಂಟು ಪುಟ ಸಮಾರಂಭ. ಏಳನೆಯ ಪುಟದ ಕೆಳಗೆ, ಕಳೆದುಹೋದ ಕೊಡೆಯ ಪ್ರಕಟಣೆಯ ಮೇಲೆ, ಒಂದು ಸಣ್ಣ ಫೋಟೊ: ಸ್ಟ್ರಾಕ್ ಮೇಜಿನ ಮೇಲೆ ಬಾಗಿ ಬರೆಯುತ್ತಿದ್ದಾನೆ, ಪಕ್ಕದಲ್ಲಿ ಒಡೆಟ್. ಅಡಿಬರಹ: ‘ತಮ್ಮ ಮಾಜಿ ಸಹಾಯಕಿಯೊಬ್ಬರ ಕೋರಿಕೆಯ ಮೇರೆಗೆ ಹಸ್ತಾಕ್ಷರ ನೀಡುತ್ತಿರುವ ಪ್ರೊಫೆಸರ್ ಸ್ಟ್ರಾಕ್.’

ಜಿನೆವ್ರಾ ಬೇರೆ ಬರೆದುಕೊಟ್ಟಿದ್ದಳು, ಮೇಲಿನವರು ಬದಲಾಯಿಸಿದರು ಎಂದು ನಾನು ಹೇಳಿದೆ. ಒಡೆಟ್ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಡಿಬರಹ ಬಿಟ್ಟು, ಫೋಟೊವನ್ನೇ ನೋಡಿದಳು. ಎಡವೋ ಬಲವೋ ಎಂದು ನನ್ನನ್ನು ಕೇಳಲಿಲ್ಲ.

“ಈ ಸಲ ಸರಿಯಾಗಿ ಅಚ್ಚು ಹಾಕಿದ್ದಾರೆ,” ಎಂದಳು. “ಪೆನ್ನು ಬಲಗೈಯಲ್ಲೇ ಇದೆ.”